ಮುಂದೆ ನಂಬರ್ ಪ್ಲೇಟ್ ಇಲ್ಲದ ಗಾಡಿಗಳು: ನಿಯಮ ಏನು, ದಂಡ ಎಷ್ಟು, ಗುದ್ದಿ ಓಡಿದರೆ ನಷ್ಟ ಯಾರಿಗೆ?

ಕುಂದಾಪುರ: ಭಾನುವಾರ ಸಂಜೆ ಕೋಡಿ ಬೀಚ್ ಕಡೆ ಹೋದವರಿಗೆ ಇದು ಹೊಸ ವಿಷಯ ಅಲ್ಲ. ಸೀವಾಕ್ ಬದಿಯಲ್ಲಿ, ಲೈಟ್‌ಹೌಸ್ ಹತ್ತಿರ ಸಾಲಾಗಿ ನಿಲ್ಲಿಸಿದ ಬೈಕ್‌ಗಳನ್ನು ಮುಂದಿನಿಂದ ನೋಡುತ್ತಾ ಬಂದರೆ ಕೆಲವಕ್ಕೆ ನಂಬರೇ ಇರುವುದಿಲ್ಲ. ಹೆಡ್‌ಲೈಟ್ ಕೆಳಗೆ ಎರಡು ಖಾಲಿ ತೂತು ಮಾತ್ರ. ಹಿಂದೆ ಹೋಗಿ ನೋಡಿದರೆ ಹೊಸ ಎಚ್‌ಎಸ್‌ಆರ್‌ಪಿ ಪ್ಲೇಟ್ ಹೊಳೆಯುತ್ತಾ ಇರುತ್ತದೆ. ಕಾರುಗಳಲ್ಲೂ ಉಂಟು, ಬಂಪರ್‌ನಲ್ಲಿ ಪ್ಲೇಟ್ ಕೂರಿಸುವ ಜಾಗ ಬೋಳು. ಮೀನು ಸಾಗಿಸುವ ಗಾಡಿಗಳ ಕತೆ ಬೇರೆಯೇ, ಅದನ್ನು ಮುಂದೆ ನೋಡುವ.

ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಹಿಂದ್ ಇತ್ತಲೆ ಮಾರಾಯ್ರೆ, ಮುಂದ್ ಎಂತಕ್?" ದಂಡ ಹಾಕಿದರೂ ಐನೂರು ರೂಪಾಯಿ, ಕಟ್ಟಿದರಾಯ್ತು ಎನ್ನುವ ಲೆಕ್ಕ. ಆದರೆ ಮುಂದಿನ ಪ್ಲೇಟ್‌ನ ನಿಜವಾದ ಬೆಲೆ ಐನೂರು ರೂಪಾಯಿ ಅಲ್ಲ. ರಸ್ತೆ ಬದಿ ನಡೆದುಕೊಂಡು ಹೋಗುವವರಿಗೆ ಗಾಡಿ ಗುದ್ದಿ ಓಡಿಹೋದ ದಿನ ಅದರ ಬೆಲೆ ಲಕ್ಷದ ಲೆಕ್ಕದಲ್ಲಿ ಗೊತ್ತಾಗುತ್ತದೆ.

ನಿಯಮ ಏನು?

ನಂಬರ್ ಪ್ಲೇಟ್ ಹೇಗಿರಬೇಕು, ಎಲ್ಲಿರಬೇಕು ಎನ್ನುವುದು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 50 ಮತ್ತು 51ನೇ ನಿಯಮದಲ್ಲಿ ಇದೆ. ಮುಂದೆ ಒಂದು, ಹಿಂದೆ ಒಂದು. ಎರಡೂ ಕಡ್ಡಾಯ. ಬೈಕ್, ಸ್ಕೂಟರ್‌ಗೆ ಇದರಲ್ಲಿ ವಿನಾಯಿತಿ ಇಲ್ಲ. ಅಕ್ಷರ ಇಂಗ್ಲಿಷಿನಲ್ಲಿ, ಅಂಕಿ 1, 2, 3 ಎಂದೇ ಇರಬೇಕು. ಕನ್ನಡದ ಅಂಕಿ ಬರೆಸಿದ ಪ್ಲೇಟ್ ಎಷ್ಟು ಅಭಿಮಾನದಿಂದ ಹಾಕಿದ್ದರೂ ಈ ನಿಯಮದ ಪ್ರಕಾರ ನಡೆಯುವುದಿಲ್ಲ.

ಅಳತೆಯೂ ನಿಗದಿ ಆಗಿದೆ. ದ್ವಿಚಕ್ರ ವಾಹನದ ಹಿಂದಿನ ಪ್ಲೇಟ್ 200 ಮಿ.ಮೀ. ಉದ್ದ, 100 ಮಿ.ಮೀ. ಅಗಲ. ಮುಂದಿನದು ಉದ್ದನೆಯ ಪಟ್ಟಿಯಂಥದ್ದು, 285 ಮಿ.ಮೀ. ಉದ್ದ, 45 ಮಿ.ಮೀ. ಅಗಲ. ಕಾರಿಗೆ 500ಕ್ಕೆ 120 ಅಥವಾ 340ಕ್ಕೆ 200 ಮಿ.ಮೀ. ಬೈಕ್‌ನ ಮುಂದಿನ ಅಕ್ಷರದ ಎತ್ತರ ಬರೀ 30 ಮಿ.ಮೀ., ಕಾರಿಗೆ 65 ಮಿ.ಮೀ. ಅಂದರೆ ಬೈಕ್‌ನ ಮುಂದಿನ ನಂಬರ್ ಇದ್ದರೂ ದೂರದಿಂದ ಓದುವುದು ಕಷ್ಟವೇ. "ಇದ್ರೂ ಕಾಣುದಿಲ್ಲ" ಎನ್ನುವವರ ಮಾತಿನಲ್ಲಿ ಸ್ವಲ್ಪ ಸತ್ಯ ಇರುವುದು ಇಲ್ಲಿ. ಆದರೆ ಹತ್ತಿರ ಬಂದು ಗುದ್ದಿದ ಗಾಡಿಯ ನಂಬರ್ ಓದಲು 30 ಮಿ.ಮೀ. ಸಾಕಾಗುತ್ತದೆ.

ಎಚ್‌ಎಸ್‌ಆರ್‌ಪಿ ಎಂದರೆ ಅಲ್ಯೂಮಿನಿಯಂ ತಗಡಿನ ಪ್ಲೇಟ್. ಎಡಗಡೆ ಮೇಲೆ ಅಶೋಕ ಚಕ್ರದ ಹೊಲೋಗ್ರಾಂ, ನೀಲಿ ಬಣ್ಣದಲ್ಲಿ ಐಎನ್‌ಡಿ ಅಕ್ಷರಗಳು, ಕೆಳಗೆ ಲೇಸರ್‌ನಲ್ಲಿ ಕೊರೆದ ಗುರುತಿನ ಸಂಖ್ಯೆ. ಮುಂದಿನ ಪ್ಲೇಟ್‌ಗೆ ಒಂದು ಲೇಸರ್ ಸಂಖ್ಯೆ, ಹಿಂದಿನದಕ್ಕೆ ಇನ್ನೊಂದು. ಎರಡೂ ಆ ಗಾಡಿಯ ದಾಖಲೆಗೆ ಜೋಡಣೆ ಆಗಿರುತ್ತವೆ. 2019 ಏಪ್ರಿಲ್ 1ರ ನಂತರದ ಗಾಡಿಗಳಿಗೆ ಇದು ಕಂಪನಿಯಿಂದಲೇ ಬರುತ್ತದೆ. ಅದಕ್ಕಿಂತ ಹಳೆಯ ಗಾಡಿಗಳಿಗೆ ರಾಜ್ಯದಲ್ಲಿ 2023ರ ಆಗಸ್ಟ್‌ನಲ್ಲಿ ಆದೇಶ ಬಂತು. ಮೊದಲ ಗಡುವು 2023 ನವೆಂಬರ್ 17 ಇತ್ತು, ಆಮೇಲೆ 2024 ಫೆಬ್ರವರಿ 17, ಮತ್ತೆ ಮೇ 31 ಅಂತ ಮುಂದೆ ಮುಂದೆ ಹೋಯಿತು. ಗಡುವು ಮುಂದೆ ಹೋದ ಹಾಗೆಲ್ಲ ಜನರೂ ಇದನ್ನು ಹಗುರವಾಗಿ ತೆಗೆದುಕೊಂಡರು ಎನ್ನುವುದು ಬೇರೆ ಮಾತು.

ಇಲ್ಲೊಂದು ಸಣ್ಣ ವಿಷಯ ಗಮನಿಸಬೇಕು. ಒಮ್ಮೆ ಹಾಕಿದರೆ ಮುರಿಯದೆ ತೆಗೆಯಲಾಗದ ಸ್ನ್ಯಾಪ್ ಲಾಕ್ ಹಾಕಬೇಕು ಎಂದು ನಿಯಮ ಒತ್ತಿ ಹೇಳುವುದು ಹಿಂದಿನ ಪ್ಲೇಟ್‌ಗೆ. ಹಾಗಾಗಿ ಹಿಂದಿನದು ಗಟ್ಟಿ, ಮುಂದಿನದು ಬಿಚ್ಚಲು ಸುಲಭ ಎನ್ನುವ ಪರಿಸ್ಥಿತಿ ಅನೇಕ ಗಾಡಿಗಳಲ್ಲಿ ಇದೆ. ಬಿಚ್ಚಲು ಸುಲಭ ಇದ್ದದ್ದು ಬಿಚ್ಚಲು ಅನುಮತಿ ಕೊಟ್ಟ ಹಾಗೆ ಅಲ್ಲ.

ದಂಡ ಹೆಚ್ಚಾಗಿ ಮೋಟಾರು ವಾಹನ ಕಾಯ್ದೆ 1988ರ 177ನೇ ಕಲಂ ಅಡಿಯಲ್ಲಿ. ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ದರೆ 1,500 ರೂಪಾಯಿವರೆಗೆ. ಗಾಡಿಗೆ ನೋಂದಣಿಯೇ ಆಗಿಲ್ಲದಿದ್ದರೆ ಲೆಕ್ಕ ಬೇರೆ. ಅದಕ್ಕೆ 192ನೇ ಕಲಂ, ಮೊದಲ ಸಲ 2,000ದಿಂದ 5,000 ರೂಪಾಯಿ. ಎರಡನೇ ಸಲ 10,000ವರೆಗೆ ದಂಡ, ಒಂದು ವರ್ಷದವರೆಗೆ ಜೈಲಿಗೂ ಅವಕಾಶ ಉಂಟು.

ಯಾಕೆ ತೆಗೆಯುತ್ತಾರೆ?

ಎಲ್ಲರೂ ಕಳ್ಳತನದ ಬುದ್ಧಿಯಿಂದ ತೆಗೆಯುವುದಿಲ್ಲ. ಹುಡುಗರ ಬೈಕ್‌ನಲ್ಲಿ ಮುಖ್ಯ ಕಾರಣ ಚಂದ. ಸ್ಪೋರ್ಟ್ಸ್ ಬೈಕ್‌ನ ಮುಂಭಾಗಕ್ಕೆ ಉದ್ದದ ಪಟ್ಟಿ ಹಾಕಿದರೆ ಗಾಡಿಯ ಲುಕ್ ಹೋಗುತ್ತದೆ ಎನ್ನುತ್ತಾರೆ. ಇನ್ನು ಕೆಲವರದ್ದು ಒಮ್ಮೆ ಬಿದ್ದಾಗ ಮುರಿದದ್ದು, ಮತ್ತೆ ಹಾಕಿಸಿಲ್ಲ. ಕಾರಿನಲ್ಲಿ ಬಂಪರ್ ಬದಲಿಸುವಾಗ ತೆಗೆದಿಟ್ಟ ಪ್ಲೇಟ್ ಡಿಕ್ಕಿಯಲ್ಲೇ ಉಳಿಯುತ್ತದೆ. ಮಳೆಗಾಲದಲ್ಲಿ ನೀರು ನಿಂತ ರಸ್ತೆಯಲ್ಲಿ ಜೋರಾಗಿ ಹೋದರೆ ನೀರಿನ ಹೊಡೆತಕ್ಕೆ ಮುಂದಿನ ಪ್ಲೇಟ್ ಕಿತ್ತುಕೊಂಡು ಹೋಗುವುದೂ ಉಂಟು.

ಕರಾವಳಿಯ ಇನ್ನೊಂದು ಕಾರಣ ಉಪ್ಪು. ಕೋಡಿಯಂಥ ಊರಿನಲ್ಲಿ ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ. ಗಾಳಿಯಲ್ಲೇ ಉಪ್ಪು ಇರುತ್ತದೆ. ಮೀನಿನ ಗಾಡಿಗಳಿಗಂತೂ ಮೇಲಿಂದ ಮಂಜುಗಡ್ಡೆಯ ಉಪ್ಪುನೀರು ಇಳಿಯುತ್ತಲೇ ಇರುತ್ತದೆ. ಅಲ್ಯೂಮಿನಿಯಂ ಪ್ಲೇಟ್‌ಗೆ ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ, ಆದರೆ ಅದನ್ನು ಹಿಡಿದಿಟ್ಟ ಕಬ್ಬಿಣದ ಸ್ಕ್ರೂ ಮತ್ತು ಕ್ಲ್ಯಾಂಪ್ ಹಿಡಿಯುತ್ತದೆ. ಎರಡು ಬೇರೆ ಲೋಹ ತಾಗಿಕೊಂಡಿದ್ದು ನಡುವೆ ಉಪ್ಪುನೀರು ಸೇರಿದರೆ ತೂತಿನ ಸುತ್ತಲಿನ ಅಲ್ಯೂಮಿನಿಯಂ ಕೂಡ ಬಿಳಿ ಪುಡಿಯಾಗಿ ತಿಂದುಹೋಗುತ್ತದೆ. ಒಂದು ದಿನ ಹೊಂಡಕ್ಕೆ ಇಳಿದಾಗ ಪ್ಲೇಟ್ ಉದುರುತ್ತದೆ, ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ. ವಾರಕ್ಕೊಮ್ಮೆ ಸಿಹಿನೀರಿನಲ್ಲಿ ತೊಳೆಯುವುದು, ಪ್ಲೇಟ್ ಕೂರುವ ಜಾಗದಲ್ಲಿ ಪ್ಲಾಸ್ಟಿಕ್ ವಾಷರ್ ಇದೆಯಾ ಎಂದು ನೋಡಿಕೊಳ್ಳುವುದು, ಇಷ್ಟು ಮಾಡಿದರೆ ಬಾಳಿಕೆ ಬರುತ್ತದೆ.

ಮೂರನೇ ಗುಂಪು ಬೇಕೆಂದೇ ತೆಗೆಯುವವರದ್ದು. ಕ್ಯಾಮೆರಾ ತಪ್ಪಿಸಲು. ಹೆಲ್ಮೆಟ್ ಹಾಕದ್ದು, ಸೀಟ್ ಬೆಲ್ಟ್ ಹಾಕದ್ದು, ಮೊಬೈಲ್ ಹಿಡಿದದ್ದು ಎಲ್ಲ ಸರಿಯಾಗಿ ಕಾಣುವುದು ಮುಂದಿನಿಂದ. ಕೇರಳದಲ್ಲಿ 2023ರ ಜೂನ್ 5ರಿಂದ ಎಐ ಕ್ಯಾಮೆರಾಗಳ ದಂಡ ಶುರು ಆದಾಗ ಪ್ಲೇಟ್ ಮಡಚುವ, ಮುಚ್ಚುವ ಆಟ ಅಲ್ಲಿ ದೊಡ್ಡ ಸುದ್ದಿಯಾಗಿತ್ತು. ಅಲ್ಲಿ ಹಾಕಿದ್ದು ಒಟ್ಟು 726 ಕ್ಯಾಮೆರಾ. ಹೆದ್ದಾರಿ 66ರಲ್ಲಿ ಕಾಸರಗೋಡು ದಾಟಿ ಹೋಗುವ ಕೆಎ 20 ಗಾಡಿಗಳಿಗೂ ಅಲ್ಲಿಂದ ಚಲನ್ ಬರುತ್ತದೆ. ಕ್ಯಾಮೆರಾದಲ್ಲಿ ಸಿಕ್ಕಿದ ತಪ್ಪಿಗೆ 15 ದಿನದೊಳಗೆ ನೋಟಿಸ್ ಕಳಿಸಬೇಕು ಎಂದು 2021ರಲ್ಲಿ ಬಂದ 167ಎ ನಿಯಮ ಹೇಳುತ್ತದೆ.

ಅಪ್ಪಿತಪ್ಪಿ ಉದುರಿದ್ದಕ್ಕೂ ಬೇಕೆಂದು ಮುಚ್ಚಿದ್ದಕ್ಕೂ ವ್ಯತ್ಯಾಸ ಇದೆ. ಅಂಕಿ ತಿದ್ದುವುದು, ಬೇರೆಯವರ ನಂಬರ್ ಹಾಕುವುದು ಬರೀ ಟ್ರಾಫಿಕ್ ದಂಡದಲ್ಲಿ ಮುಗಿಯುವ ವಿಷಯ ಅಲ್ಲ, ವಂಚನೆ ಮತ್ತು ನಕಲಿ ಸೃಷ್ಟಿಯ ಕ್ರಿಮಿನಲ್ ಕೇಸ್ ಆಗುತ್ತದೆ.

ಗುದ್ದಿ ಓಡಿಹೋದರೆ

ಈಗ ಮುಖ್ಯ ವಿಷಯಕ್ಕೆ ಬರುವ. ಹೆದ್ದಾರಿಯಿಂದ ಕೋಡಿಗೆ ಹೋಗುವ ರಸ್ತೆಯಲ್ಲಿ ನಡೆದು ಹೋಗುವವರು ಹೆಚ್ಚು. ಮೀನು ಮಾರಿ ವಾಪಸ್ ಬರುವ ಹೆಂಗಸರು, ಶಾಲೆ ಮಕ್ಕಳು, ಸಂಜೆ ವಾಕಿಂಗ್‌ಗೆ ಬರುವವರು. ಬಲಬದಿಯಲ್ಲಿ ನಡೆಯುವವರಿಗೆ ಗಾಡಿ ಎದುರಿನಿಂದ ಬರುತ್ತದೆ. ಗುದ್ದುವ ಮೊದಲು ಅವರಿಗೆ ಕಾಣುವುದು ಗಾಡಿಯ ಮುಂಭಾಗ. ಗುದ್ದಿದ ಮೇಲೆ ಅವರು ಬಿದ್ದಿರುತ್ತಾರೆ, ಹಿಂದಿನ ನಂಬರ್ ಓದುವ ಸ್ಥಿತಿಯಲ್ಲಿ ಇರುವುದಿಲ್ಲ.

ನಂಬರ್ ಸಿಕ್ಕಿದರೆ ಮತ್ತು ಸಿಗದಿದ್ದರೆ ಆಗುವ ವ್ಯತ್ಯಾಸ ಇಷ್ಟು.

ನಂಬರ್ ಸಿಕ್ಕಿತು ಎಂದಿಟ್ಟುಕೊಳ್ಳಿ. ಆ ಗಾಡಿಯ ಇನ್ಶೂರೆನ್ಸ್ ಕಂಪನಿ ಯಾವುದು ಎಂದು ಗೊತ್ತಾಗುತ್ತದೆ. 166ನೇ ಕಲಂ ಪ್ರಕಾರ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅಲ್ಲಿ ಗಾಯಗೊಂಡವರ ವಯಸ್ಸು, ದುಡಿಮೆ, ಅವಲಂಬಿತರು, ಆಸ್ಪತ್ರೆ ಖರ್ಚು ಎಲ್ಲ ನೋಡಿ ಪರಿಹಾರ ನಿಗದಿ ಮಾಡುತ್ತಾರೆ, ಅದಕ್ಕೆ ಮೇಲ್ಮಿತಿ ಇಲ್ಲ. ತಪ್ಪು ಯಾರದ್ದು ಎಂದು ಸಾಬೀತು ಮಾಡುವ ಗೋಜೇ ಬೇಡ ಎನ್ನುವವರಿಗೆ 164ನೇ ಕಲಂ ಇದೆ. ಅದರಲ್ಲಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ.

ನಂಬರ್ ಸಿಗಲಿಲ್ಲ. ಆಗ ಉಳಿಯುವುದು 161ನೇ ಕಲಂ, ಅಂದರೆ ಹಿಟ್ ಅಂಡ್ ರನ್ ಪರಿಹಾರ. 2022 ಏಪ್ರಿಲ್ 1ರಿಂದ ಜಾರಿಯಾದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ. ಅಷ್ಟೇ. ದುಡಿಯುವ ಒಬ್ಬನೇ ಮಗ ಹೋದರೂ ಅಷ್ಟೇ, ಕಾಲು ತುಂಡಾಗಿ ವರ್ಷಗಟ್ಟಲೆ ಮಲಗಿದರೂ ಅಷ್ಟೇ. ಇದಕ್ಕಿಂತ ಮೊದಲು ಇನ್ನೂ ಕಡಿಮೆ ಇತ್ತು, 25 ಸಾವಿರ ಮತ್ತು 12,500.

ಅಂದರೆ ತಪ್ಪು ಸಾಬೀತು ಮಾಡದೆ ಸಿಗುವ ಮೊತ್ತವನ್ನೇ ಹೋಲಿಸಿದರೂ ನಂಬರ್ ಇಲ್ಲದ ಒಂದೇ ಕಾರಣಕ್ಕೆ ಸಾವಿನ ಕೇಸಿನಲ್ಲಿ 3 ಲಕ್ಷ, ಗಾಯದ ಕೇಸಿನಲ್ಲಿ 2 ಲಕ್ಷ ಕಡಿಮೆ. ನ್ಯಾಯಮಂಡಳಿಯ ಲೆಕ್ಕಕ್ಕೆ ಹೋಲಿಸಿದರೆ ಈ ಅಂತರ ಇನ್ನೂ ಎಷ್ಟೋ ದೊಡ್ಡದು. ಗುದ್ದಿದವನ ಹತ್ತಿರ ಇನ್ಶೂರೆನ್ಸ್ ಇದ್ದೂ ಇಲ್ಲದ ಹಾಗೆ.

ಇನ್ನೊಂದು ತೊಂದರೆ ಸಮಯದ್ದು. ನ್ಯಾಯಮಂಡಳಿಗೆ ಅರ್ಜಿ ಹಾಕಲು ಕಾಯ್ದೆಯಲ್ಲಿ ಅಪಘಾತದ ದಿನದಿಂದ ಆರು ತಿಂಗಳು ಎಂದು ಇದೆ. ಗಾಡಿ ಹುಡುಕುವುದರಲ್ಲೇ ತಿಂಗಳುಗಳು ಹೋದರೆ ಆಸ್ಪತ್ರೆ, ಠಾಣೆ, ವಕೀಲರು ಅಂತ ಅಲೆಯುವವರಿಗೆ ದಿನ ಸಾಕಾಗುವುದಿಲ್ಲ.

ಹಿಟ್ ಅಂಡ್ ರನ್ ಪರಿಹಾರಕ್ಕೆ ಎಲ್ಲಿ ಹೋಗಬೇಕು ಎನ್ನುವುದೇ ಹೆಚ್ಚಿನವರಿಗೆ ಗೊತ್ತಿಲ್ಲ. ಮೊದಲು ಠಾಣೆಯಲ್ಲಿ ಎಫ್‌ಐಆರ್ ಆಗಬೇಕು. ಅರ್ಜಿ ಕೊಡುವುದು ಕೋರ್ಟಿಗೆ ಅಲ್ಲ, ಕಂದಾಯ ಇಲಾಖೆಗೆ. ಉಪವಿಭಾಗ ಅಥವಾ ತಾಲೂಕಿನ ಕಂದಾಯ ಅಧಿಕಾರಿ, ಅಂದರೆ ಎಸಿ ಅಥವಾ ತಹಶೀಲ್ದಾರ್ ಮಟ್ಟದವರು ಕ್ಲೇಮ್ ವಿಚಾರಣಾಧಿಕಾರಿ ಆಗಿರುತ್ತಾರೆ. ಅವರ ವರದಿ ಜಿಲ್ಲಾಧಿಕಾರಿ ಕಡೆಗೆ ಹೋಗಿ ಅಲ್ಲಿ ಮಂಜೂರಾಗಬೇಕು, ಹಣ ಜನರಲ್ ಇನ್ಶೂರೆನ್ಸ್ ಕೌನ್ಸಿಲ್ ಮೂಲಕ ಬ್ಯಾಂಕ್ ಖಾತೆಗೆ ಬರುತ್ತದೆ. ಅಪಘಾತವಾಗಿ ಒಂದು ತಿಂಗಳಾದರೂ ಗಾಡಿ ಪತ್ತೆ ಆಗದಿದ್ದರೆ ಈ ಯೋಜನೆ ಇದೆ ಎಂದು ಪೊಲೀಸರೇ ಗಾಯಾಳುವಿಗೆ ಅಥವಾ ಮನೆಯವರಿಗೆ ಲಿಖಿತವಾಗಿ ತಿಳಿಸಬೇಕು ಎಂದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಿಳಿಸದಿದ್ದರೆ ಠಾಣೆಗೆ ಹೋಗಿ ಕೇಳಬಹುದು. ಆಮೇಲೆ ಗಾಡಿ ಪತ್ತೆಯಾಗಿ ನ್ಯಾಯಮಂಡಳಿಯಲ್ಲಿ ಪರಿಹಾರ ಸಿಕ್ಕಿದರೆ ಈ ಹಣ ಅದರಿಂದ ವಾಪಸ್ ಹೋಗುತ್ತದೆ.

ಆಸ್ಪತ್ರೆ ಖರ್ಚಿನ ವಿಷಯದಲ್ಲಿ ಮಾತ್ರ ಸ್ವಲ್ಪ ಸಮಾಧಾನ. 2025ರ ಮೇಯಲ್ಲಿ ಬಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆಯಲ್ಲಿ ಅಪಘಾತದ ದಿನದಿಂದ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ ಚಿಕಿತ್ಸೆಗೆ ಅವಕಾಶ ಇದೆ.

ಅಂಗಡಿಯವರ ಕ್ಯಾಮೆರಾ

ಗಾಡಿ ಓಡಿಹೋದಾಗ ಪೊಲೀಸರು ಮೊದಲು ಬರುವುದು ರಸ್ತೆ ಬದಿಯ ಅಂಗಡಿಗೆ. ಸಿಸಿಟಿವಿ ಇದೆಯಾ ಎಂದು ಕೇಳಿಕೊಂಡು. ಶಾಸ್ತ್ರಿ ಸರ್ಕಲ್ ಇರಲಿ, ಕೋಡಿಯ ಸಣ್ಣ ಜಿನಸಿ ಅಂಗಡಿ ಇರಲಿ, ಈಗ ಎಲ್ಲ ಕಡೆ ಒಂದೆರಡು ಕ್ಯಾಮೆರಾ ಇರುತ್ತವೆ. ಆದರೆ ಅದರಲ್ಲಿ ನಂಬರ್ ಓದಲು ಆಗುವುದು ಕಡಿಮೆ. ಕ್ಯಾಮೆರಾ ಮಾಡಿಗೆ ತಾಗಿ ಎತ್ತರದಲ್ಲಿ ಕೂತಿರುತ್ತದೆ, ಗಾಡಿಯ ಮೇಲ್ಭಾಗ ಮಾತ್ರ ಬರುತ್ತದೆ. ರಾತ್ರಿ ಹೆಡ್‌ಲೈಟ್ ಬೆಳಕಿಗೆ ಮುಂದಿನ ಪ್ಲೇಟ್ ಬೆಳ್ಳಗೆ ಕರಗಿಹೋಗುತ್ತದೆ. ಹಿಂದಿನ ಪ್ಲೇಟ್‌ಗೆ 15 ಮೀಟರ್ ದೂರದಿಂದ ಓದುವಷ್ಟು ಬಿಳಿ ದೀಪ ಇರಬೇಕು ಎಂದು ನಿಯಮ ಇದೆ. ಮುಂದಿನದಕ್ಕೆ ಅಂಥ ದೀಪ ಇಲ್ಲ.

ಒಂದು ಕ್ಯಾಮೆರಾವನ್ನಾದರೂ ಸ್ವಲ್ಪ ತಗ್ಗಿಸಿ, ರಸ್ತೆಗೆ ಅಡ್ಡಲಾಗಿ ಇಡುವ ಬದಲು ರಸ್ತೆಯ ಉದ್ದಕ್ಕೆ ತಿರುಗಿಸಿ ಇಟ್ಟರೆ ಬರುವ ಗಾಡಿಯ ಮುಂಭಾಗವೂ ಹೋಗುವ ಗಾಡಿಯ ಹಿಂಭಾಗವೂ ಸಿಗುತ್ತದೆ. ಡಿವಿಆರ್‌ನಲ್ಲಿ ತಾರೀಕು, ಗಂಟೆ ಸರಿ ಇರಬೇಕು. ಹತ್ತು ನಿಮಿಷ ಹಿಂದೆ ಮುಂದೆ ಇದ್ದರೂ ಕೋರ್ಟಿನಲ್ಲಿ ಪ್ರಶ್ನೆ ಬರುತ್ತದೆ. ಹಾರ್ಡ್ ಡಿಸ್ಕ್ ತುಂಬಿದರೆ ಹಳೆ ದೃಶ್ಯದ ಮೇಲೆ ಹೊಸದು ಕೂರುತ್ತದೆ, ಆದ್ದರಿಂದ ಅಪಘಾತ ಆದ ದಿನವೇ ಆ ಭಾಗ ಬೇರೆ ತೆಗೆದಿಡಬೇಕು. ಸಾಕ್ಷ್ಯವಾಗಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಒಂದು ಪ್ರಮಾಣಪತ್ರ ಬೇಕಾಗುತ್ತದೆ. ಅದರ ನಮೂನೆ ಕಾಯ್ದೆಯಲ್ಲೇ ಇದೆ.

ಇಷ್ಟೆಲ್ಲ ಮಾಡಿಯೂ ಗಾಡಿಯ ಮುಂದೆ ಪ್ಲೇಟೇ ಇಲ್ಲದಿದ್ದರೆ ಕ್ಯಾಮೆರಾ ಏನು ಮಾಡಲು ಸಾಧ್ಯ?

ತಪ್ಪು ಮಾಡದವರಿಗೂ ತೊಂದರೆ

ಪ್ಲೇಟ್ ಹಾಕದ ಮಾಲೀಕನಿಗೂ ಇದರಲ್ಲಿ ಲಾಭ ಇಲ್ಲ. ಹೆದ್ದಾರಿಯಲ್ಲಿ ಸಾಸ್ತಾನ, ಶಿರೂರು ಟೋಲ್ ದಾಟುವ ಕಾರುಗಳ ಫಾಸ್ಟ್ಯಾಗ್‌ಗೆ ಪರಿಶೀಲನೆ ಬಂದಾಗ ಬ್ಯಾಂಕ್‌ಗಳು ಕೇಳಿದ್ದು ಮುಂದಿನ ನಂಬರ್ ಕಾಣುವ ಫೋಟೊ. ಕಾರಿನ ಗಾಜಿಗೆ ಅಂಟಿಸುವ ಮೂರನೇ ಸ್ಟಿಕ್ಕರ್ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಪೆಟ್ರೋಲ್‌ಗೆ ತಿಳಿನೀಲಿ, ಡೀಸೆಲ್‌ಗೆ ಕಿತ್ತಳೆ ಬಣ್ಣದ ಆ ಸ್ಟಿಕ್ಕರ್ ಪ್ಲೇಟ್‌ನ ಬದಲಿಗೆ ಅಲ್ಲ, ಪ್ಲೇಟ್ ಜೊತೆಗೆ.

ಉದುರಿದ ಪ್ಲೇಟ್ ಬೇರೆ ಯಾರ ಕೈಗಾದರೂ ಸಿಕ್ಕಿದರೆ ಇನ್ನೊಂದು ತಲೆನೋವು. ನಿಮ್ಮ ನಂಬರ್ ಇನ್ನೊಂದು ಗಾಡಿಯಲ್ಲಿ ಓಡಬಹುದು, ಚಲನ್ ನಿಮ್ಮ ಮೊಬೈಲಿಗೆ ಬರಬಹುದು. ಹಾಗೆ ಬಂದರೆ ಚಲನ್‌ನಲ್ಲಿ ಇರುವ ಫೋಟೊ ತೆಗೆದು ನಿಮ್ಮ ಗಾಡಿಯ ಬಣ್ಣ, ಮಾಡೆಲ್ ಹೋಲಿಸಿ ಆಕ್ಷೇಪ ಸಲ್ಲಿಸಬಹುದು. ಪ್ಲೇಟ್ ಕಳೆದುಹೋದ ದಿನವೇ ಕೊಟ್ಟ ದೂರಿನ ಪ್ರತಿ ಇದ್ದರೆ ಕೆಲಸ ಸುಲಭ.

ಹೊಸ ಗಾಡಿ ತೆಗೆದವರು ಒಂದು ತೀರ್ಪು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ತಾತ್ಕಾಲಿಕ ನೋಂದಣಿ ಮುಗಿದ ಮೇಲೂ ಓಡಿಸುತ್ತಿದ್ದ ಹೊಸ ಕಾರು ಕಳವಾದ ಕೇಸಿನಲ್ಲಿ ಇನ್ಶೂರೆನ್ಸ್ ಕಂಪನಿ ಹಣ ಕೊಡಬೇಕಾಗಿಲ್ಲ ಎಂದು 2021ರ ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟ್ ಹೇಳಿತು. ಪ್ಲೇಟ್ ಇಲ್ಲದ್ದು ಬೇರೆ, ನೋಂದಣಿ ಇಲ್ಲದ್ದು ಬೇರೆ ನಿಜ. ಆದರೆ "ಅಪ್ಲೈಡ್ ಫಾರ್" ಎಂದು ಬರೆದುಕೊಂಡು ತಿಂಗಳುಗಟ್ಟಲೆ ಓಡಿಸುವವರ ಗಾಡಿಯಲ್ಲಿ ಎರಡೂ ಇರುವುದಿಲ್ಲ.

"ಹೊರದೇಶದಲ್ಲಿ ಮುಂದಿನ ಪ್ಲೇಟ್ ಬೇಡ" ಎಂಬ ಮಾತೂ ಆಗಾಗ ಕೇಳುತ್ತದೆ. ಪೂರ್ತಿ ಸುಳ್ಳಲ್ಲ. ಬ್ರಿಟನ್‌ನಲ್ಲಿ 2001 ಸೆಪ್ಟೆಂಬರ್ 1ರ ನಂತರ ನೋಂದಣಿಯಾದ ಬೈಕ್‌ಗೆ ಹಿಂದೆ ಮಾತ್ರ ನಂಬರ್. ಅಮೆರಿಕದ ಫ್ಲೋರಿಡಾ, ಪೆನ್ಸಿಲ್ವೇನಿಯಾದಂಥ ರಾಜ್ಯಗಳಲ್ಲಿ ಕಾರಿಗೂ ಹಿಂದಿನದು ಒಂದೇ ಸಾಕು. ಆದರೆ ಅದು ಅಲ್ಲಿನ ಕಾನೂನು, ಕೋಡಿಯಲ್ಲಿ ಓಡುವುದು ಇಲ್ಲಿನದ್ದು.

ಪ್ಲೇಟ್ ಕಳೆದರೆ, ಮುರಿದರೆ

ಎಚ್‌ಎಸ್‌ಆರ್‌ಪಿ ಪ್ಲೇಟ್ ಬದಲಿಗೆ ಪೇಟೆಯ ಸ್ಟಿಕ್ಕರ್ ಅಂಗಡಿಯಲ್ಲಿ ಅದೇ ಥರ ಕಾಣುವ ಪ್ಲೇಟ್ ಮಾಡಿಸಿ ಹಾಕುವುದು ಸರಿಯಲ್ಲ. ಲೇಸರ್ ಸಂಖ್ಯೆ ಇಲ್ಲದ್ದು ಎಚ್‌ಎಸ್‌ಆರ್‌ಪಿ ಆಗುವುದಿಲ್ಲ. ಕಳೆದುಹೋದರೆ ಮೊದಲು ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ತೆಗೆದುಕೊಳ್ಳಿ. ಮುರಿದದ್ದಾದರೆ ಮುರಿದ ಪ್ಲೇಟ್‌ನ ಫೋಟೊ ಇಟ್ಟುಕೊಳ್ಳಿ, ಹಳೆ ಪ್ಲೇಟ್ ಎಸೆಯಬೇಡಿ. ಆಮೇಲೆ ರಾಜ್ಯ ಸಾರಿಗೆ ಇಲಾಖೆಯ ಅಥವಾ ವಾಹನ ತಯಾರಕರ ಒಕ್ಕೂಟವಾದ ಸಿಯಾಮ್‌ನ ಜಾಲತಾಣದ ಮೂಲಕ ನಿಮ್ಮ ಗಾಡಿಯ ಕಂಪನಿ ಆರಿಸಿ ಬುಕ್ ಮಾಡಬೇಕು. ಬದಲಿ ಪ್ಲೇಟ್ ಎಂದು ಆರಿಸಿದರೆ ಎರಡೂ ತೆಗೆದುಕೊಳ್ಳಬೇಕಾಗಿಲ್ಲ, ಮುಂದಿನದು ಒಂದನ್ನೇ ಕೇಳಬಹುದು. ಆರ್‌ಸಿಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಕೈಯಲ್ಲಿರಲಿ, ಮೊಬೈಲ್‌ಗೆ ಒಟಿಪಿ ಬರುತ್ತದೆ.

ಹಣ ಕಟ್ಟುವುದು ಆನ್‌ಲೈನ್‌ನಲ್ಲಿ ಮಾತ್ರ. ಪ್ಲೇಟ್ ಹಾಕುವವರ ಕೈಗೆ ನಗದು ಕೊಡಬೇಡಿ ಎಂದು ಇಲಾಖೆಯೇ ಹೇಳಿದೆ. ಅದೇ ಹೆಸರಿನ ನಕಲಿ ಜಾಲತಾಣಗಳೂ ಇರುವುದರಿಂದ ಗೂಗಲ್‌ನಲ್ಲಿ ಮೊದಲು ಬಂದ ಲಿಂಕ್ ಒತ್ತುವ ಬದಲು ಇಲಾಖೆಯ ಜಾಲತಾಣದಿಂದಲೇ ಹೋಗುವುದು ಕ್ಷೇಮ. ದಿನ ನಿಗದಿಯಾದ ಮೇಲೆ ಗಾಡಿ ತೆಗೆದುಕೊಂಡು ಆರಿಸಿದ ಶೋರೂಮ್‌ಗೆ ಹೋಗಬೇಕು. ಅದುವರೆಗೆ ಬುಕಿಂಗ್ ರಸೀದಿ ಮತ್ತು ದೂರಿನ ಪ್ರತಿ ಗಾಡಿಯಲ್ಲೇ ಇರಲಿ, ತಪಾಸಣೆಯಲ್ಲಿ ನಿಲ್ಲಿಸಿದರೆ ತೋರಿಸಲು ಬೇಕಾಗುತ್ತದೆ. ಪ್ಲೇಟ್ ಹಾಕಿಸಿಕೊಂಡು ಹೊರಡುವ ಮೊದಲು ಅಲ್ಲೇ ಒಮ್ಮೆ ಕೈಯಿಂದ ಅಲ್ಲಾಡಿಸಿ ನೋಡಿ.